ವಿಕಲಚೇತನರ ಸಾಧನೆಯನ್ನು ಅಳೆಯುವ ಬಗೆ

 

ಪ್ರಮಾತೃ, ಪ್ರಮೇಯ, ಪ್ರಮಾಣ ಎಂದು ಶಾಸ್ತ್ರಜ್ಞರು ಮೂರನ್ನು ಬೇರ್ಪಡಿಸಿ ಹೇಳುವರು. ಅರಿಯುವವನು ಪ್ರಮಾತೃ, ಅರಿಯಲ್ಪಡುವುದು ಪ್ರಮೇಯ, ಅರಿಯುವುದಕ್ಕೆ ಸಾಧನವಾದುದು ಪ್ರಮಾಣ. ಈ ಮೂರು ಶಬ್ದಗಳೂ ಅಳೆಯುವುದೆಂಬ ಅರ್ಥವುಳ್ಳ 'ಮಾ' ಎಂಬ ಒಂದೇ ಧಾತುವಿನಿಂದ ಹುಟ್ಟಿದವು. ಅರಿಯುವುದೆಂದರೆ ಒಂದು ಬಗೆಯಿಂದ ಅಳೆಯುವುದೇ ಎಂಬ ಅಭಿಪ್ರಾಯವು ಇದರಲ್ಲಿ ಅಡಗಿದೆ. ಬಟ್ಟೆಯನ್ನು ಗಜದಿಂದಲೂ, ಜೋಳವನ್ನು ಸೇರಿನಿಂದಲೂ, ಬಂಗಾರವನ್ನು ತಕ್ಕಡಿಯಿಂದಲೂ ಅಳೆಯುವಾಗ ಈ ಮೂರರ ಸಂಬಂಧದಲ್ಲಿ ತೊಡಕೇನೂ ಉಂಟಾಗದು. ಏಕೆಂದರೆ ಬಟ್ಟೆಯು ತನ್ನನ್ನು ಹೇಗೆ ಅಳೆದರೆಂದು ಕೇಳುವುದಿಲ್ಲ. ಆದರೆ ಅಳೆಯಲ್ಪಡುವುದು ಮನುಷ್ಯನಾದಾಗ, ಅದರಲ್ಲಿಯೂ ಹುಟ್ಟಿನಿಂದಲೋ ರೋಗದಿಂದಲೋ ಅಪಘಾತದಿಂದಲೋ ಅಂಗಶಕ್ತಿಯು ಕುಂದಿದ ಮನುಷ್ಯನಾದಾಗ, ಯಾವ ಗಜವನ್ನು ಹಿಡಿಯತಕ್ಕದ್ದು, ಅದನ್ನು ಯಾರು ಹಿಡಿಯತಕ್ಕದ್ದು ಎಂಬ ಪ್ರಶ್ನೆಯು ಎದ್ದುನಿಲ್ಲುವುದು. ಈ ಹೊತ್ತಿನ ಉಪನ್ಯಾಸದ ವಿಷಯವು ಇದೇ.

ಒಂದು ಮನೆಯಲ್ಲಿ ಪಾರ್ಶ್ವವಾಯು ಬಡಿದ ಹಿರಿಯರೊಬ್ಬರು ಇದ್ದಾರೆಂದು ಭಾವಿಸಿರಿ. ಆರು ತಿಂಗಳು ಚಿಕಿತ್ಸೆ ನಡೆದ ಮೇಲೆ ನೆಂಟರು ಬಂದು "ಗುಣವಾಯಿತೇ?" ಎಂದು ಕೇಳುವರು. ಮನೆಯವರು "ಎಲ್ಲಿಯ ಗುಣ! ಇದ್ದಂತೆಯೇ ಇದ್ದಾರೆ" ಎಂದುತ್ತರಿಸುವರು. ಆದರೆ ಆರು ತಿಂಗಳ ಹಿಂದೆ ಆ ಹಿರಿಯರಿಗೆ ಒಬ್ಬರು ತುತ್ತು ಮಾಡಿ ಉಣಿಸಬೇಕಾಗಿದ್ದಿತು. ಈಗ ಅವರು ಎಡಗೈಯಿಂದ ತಾವೇ ಉಣ್ಣುತ್ತಿರಬಹುದು. ಆಗ ಮಗ್ಗುಲು ಹೊರಳಿಸುವುದಕ್ಕೂ ಇಬ್ಬರು ಬೇಕಾಗಿದ್ದರು. ಈಗ ಗೋಡೆ ಹಿಡಿದು ಎದ್ದು ನಿಲ್ಲುತ್ತಿರಬಹುದು. ಇಷ್ಟು ದೊಡ್ಡ ಬದಲಾವಣೆಯು ಮನೆಯವರ ಕಣ್ಣಿಗೆ ಬೀಳದಿರಲು ಕಾರಣವೇನು? ಅವರ ಮನಸ್ಸಿನಲ್ಲಿರುವ ಗಜವು ಒಂದೇ, ಅದು 'ಮೊದಲಿನಂತಾಗುವುದು.' ಆ ಗಜಕ್ಕೆ ಎರಡೇ ಗೆರೆಗಳು, ಆದುದು, ಆಗದುದು. ನಡುವಿನ ಗೆರೆಗಳು ಅದರಲ್ಲಿಲ್ಲದ ಕಾರಣ ನಡುವಿನ ಸಾಧನೆಯು ಸೊನ್ನೆಯೆಂದೇ ಎಣಿಕೆಯಾಗುವುದು. ಸೊನ್ನೆಯೆಂದು ಎಣಿಕೆಯಾದ ಮೇಲೆ ಚಿಕಿತ್ಸೆಯು ನಿಲ್ಲುವುದು. ಚಿಕಿತ್ಸೆಯು ನಿಂತ ಮೇಲೆ ಬಂದಷ್ಟು ಶಕ್ತಿಯೂ ಹಿಂಜರಿಯಬಹುದು. ಕಡೆಗೆ ಆ ಹಿರಿಯರ ಪಾಲಿಗೆ ಪಡಸಾಲೆಯ ಮೂಲೆಯೊಂದೇ ಉಳಿಯುವುದು. ಆದಕಾರಣ ಅಳತೆಯ ದೋಷವು ಬರಿಯ ಲೆಕ್ಕದ ದೋಷವಲ್ಲ. ಅದು ಒಬ್ಬ ಮನುಷ್ಯನ ಬಾಳಿಗೆ ತಗಲುವ ದೋಷವು.

ಈ ದೋಷವನ್ನು ಕಂಡು ಅದಕ್ಕೆ ಪರಿಹಾರವನ್ನು ಹುಡುಕಿದವರಲ್ಲಿ ಔದ್ಯೋಗಿಕ ಚಿಕಿತ್ಸಕರು ಮುಖ್ಯರು. ಆಸ್ಪತ್ರೆಗಳಲ್ಲಿ ಆಕ್ಯುಪೇಷನಲ್ ಥೆರಪಿ ಎಂದು ಕರೆಯಲ್ಪಡುವ ಈ ಚಿಕಿತ್ಸೆಯ ಹೆಸರನ್ನು ಕೇಳಿದವರು, ಇದು ರೋಗಿಗೆ ನೌಕರಿಯನ್ನು ಕೊಡಿಸುವ ಏರ್ಪಾಡೆಂದು ತಿಳಿಯುವುದುಂಟು. ಅದು ಸರಿಯಲ್ಲ. ಇಲ್ಲಿ ಉದ್ಯೋಗವೆಂದರೆ ಸಂಬಳ ತರುವ ಕೆಲಸ ಮಾತ್ರವಲ್ಲ; ಬೆಳಗ್ಗೆ ಎದ್ದು ಹಲ್ಲುಜ್ಜುವುದು ಮೊದಲುಗೊಂಡು, ಸ್ನಾನ, ಉಡುಗೆ, ಊಟ, ಪೂಜೆ, ಅಡುಗೆ, ವ್ಯವಸಾಯ, ಓದು, ಆಟ, ನೆರೆಯವರೊಡನೆ ಮಾತುಕತೆ, ಇವೆಲ್ಲವೂ ಉದ್ಯೋಗಗಳೇ. ಮನುಷ್ಯನು ತನ್ನ ದಿನವನ್ನು ಯಾವ ಯಾವ ಕ್ರಿಯೆಗಳಿಂದ ತುಂಬುವನೋ ಅವೆಲ್ಲವನ್ನೂ ಅವನು ಮರಳಿ ಮಾಡುವಂತಾಗಲೆಂದು ಅಂಗಗಳಿಗೆ ಅಭ್ಯಾಸವನ್ನೂ, ಉಪಕರಣಗಳಿಗೆ ಮಾರ್ಪಾಡನ್ನೂ, ಮನೆಯ ಏರ್ಪಾಡಿಗೆ ಬದಲಾವಣೆಯನ್ನೂ ಸೂಚಿಸುವುದು ಈ ಚಿಕಿತ್ಸೆಯ ಕಾರ್ಯ. ಹಿಡಿಯಲಾಗದ ಚಮಚೆಯ ಹಿಡಿಕೆಗೆ ದಪ್ಪನಾದ ಬಟ್ಟೆಯನ್ನು ಸುತ್ತಿಕೊಡುವುದೂ, ಬಚ್ಚಲಿನ ಗೋಡೆಗೆ ಹಿಡಿಗಂಬಿಯನ್ನು ಬಿಗಿಯಿಸುವುದೂ ಇದರಲ್ಲಿ ಸೇರಿದೆ.

ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಕ್ಲಿಫ್ಟನ್ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ 1917ರ ಮಾರ್ಚ್ ತಿಂಗಳಲ್ಲಿ ಕೆಲವು ಮಂದಿ ಕೂಡಿ ಈ ಚಿಕಿತ್ಸೆಯ ಪ್ರಚಾರಕ್ಕಾಗಿ ಒಂದು ಸಂಘವನ್ನು ಸ್ಥಾಪಿಸಿದರು. ಅವರನ್ನು ಕರೆದು ಕೂಡಿಸಿದ ಜಾರ್ಜ್ ಬಾರ್ಟನ್ ಎಂಬುವನು ವೃತ್ತಿಯಿಂದ ಕಟ್ಟಡಗಳ ಶಿಲ್ಪಿ. ತಾನೇ ದೀರ್ಘ ರೋಗವನ್ನೂ ಅಂಗವೈಕಲ್ಯವನ್ನೂ ಉಂಡವನು. ಭರತಖಂಡದಲ್ಲಿ ಈ ವಿದ್ಯೆಗೆ ತಳಹದಿಯನ್ನು ಹಾಕಿದವರು ಶ್ರೀಮತಿ ಕಮಲಾ ನಿಂಬಕರ್ ಅವರು. ಅಮೆರಿಕದಲ್ಲಿ ಹುಟ್ಟಿ, ಭಾರತೀಯರನ್ನು ವರಿಸಿ, ಈ ನಾಡನ್ನೇ ತಮ್ಮ ನಾಡನ್ನಾಗಿ ಮಾಡಿಕೊಂಡ ಆ ಮಹಿಳೆಯು ಮುಂಬಯಿಯ ಕಿಂಗ್ ಎಡ್ವರ್ಡ್ ಮೆಮೋರಿಯಲ್ ಆಸ್ಪತ್ರೆಯಲ್ಲಿ 1950ರಲ್ಲಿ ಇದರ ಶಿಕ್ಷಣಶಾಲೆಯನ್ನು ತೆರೆದರು. 1952ರಲ್ಲಿ ಅಖಿಲ ಭಾರತ ಸಂಘವು ಹುಟ್ಟಿತು. ಅದೇ ವರ್ಷ ಸ್ಥಾಪಿತವಾದ ಜಾಗತಿಕ ಒಕ್ಕೂಟದ ಮೊದಲ ಸದಸ್ಯರಾಷ್ಟ್ರಗಳಲ್ಲಿ ಭಾರತವೂ ಒಂದಾಯಿತು. ಕನ್ನಡ ನಾಡಿನಲ್ಲಿ ಮಣಿಪಾಲದಲ್ಲಿ ಈ ವಿದ್ಯೆಯ ಉನ್ನತ ಪಾಠವು ನಡೆಯುತ್ತಲಿದೆ.

ಇನ್ನು ಅಳತೆಯ ವಿಷಯ. ವೈದ್ಯರು ಬಹುಕಾಲದಿಂದ ಬಳಸುತ್ತ ಬಂದ ಅಳತೆಗಳು ಎಲ್ಲರಿಗೂ ಒಂದೇ ಆಗಿರುವ ಸಾಮಾನ್ಯ ಮಾನಗಳು. ಇವುಗಳಲ್ಲಿ ಪ್ರಸಿದ್ಧವಾದುದು ಅಮೆರಿಕದ ಮೇರಿಲ್ಯಾಂಡ್ ಸಂಸ್ಥಾನದಲ್ಲಿ ಫ್ಲಾರೆನ್ಸ್ ಮಹೋನಿ, ಡೊರೊಥಿಯಾ ಬಾರ್ಥೆಲ್ ಎಂಬಿಬ್ಬರು 1965ರಲ್ಲಿ ಪ್ರಕಟಿಸಿದ ಬಾರ್ಥೆಲ್ ಸೂಚಿ. ಉಣ್ಣುವುದು, ಸ್ನಾನ, ಮುಖಮಾರ್ಜನ, ಉಡುವುದು, ಮಲದ ಹತೋಟಿ, ಮೂತ್ರದ ಹತೋಟಿ, ಶೌಚಗೃಹದ ಬಳಕೆ, ಮಂಚದಿಂದ ಕುರ್ಚಿಗೆ ಸರಿಯುವುದು, ನಡೆಯುವುದು, ಮೆಟ್ಟಿಲೇರುವುದು ಎಂಬ ಹತ್ತು ಕ್ರಿಯೆಗಳಿಗೆ ಅಂಕಗಳನ್ನು ಹಂಚಿ, ಒಟ್ಟು 100 ಅಂಕಗಳಲ್ಲಿ ರೋಗಿಯು ಎಷ್ಟನ್ನು ಪಡೆದನೆಂದು ನೋಡುವರು. ಇದು ಪ್ರಯೋಜನಕರವಾದ ಮಾನವೇ ಸರಿ. ನೂರು ಆಸ್ಪತ್ರೆಗಳಲ್ಲಿ ನೂರು ವೈದ್ಯರು ಇದೇ ಗಜದಿಂದ ಅಳೆದರೆ ಒಬ್ಬರ ಮಾತು ಮತ್ತೊಬ್ಬರಿಗೆ ತಿಳಿಯುವುದು. ಆದರೆ ಇದನ್ನು ರಚಿಸಿದವರೇ ಇದರ ಎಲ್ಲೆಯನ್ನೂ ಸೂಚಿಸಿದ್ದಾರೆ: 100 ಅಂಕಗಳನ್ನು ಪಡೆದವನೂ ಅಡುಗೆ ಮಾಡಿಕೊಳ್ಳಲಾರದೆ, ಮನೆ ನಡೆಸಲಾರದೆ, ಜನರೊಡನೆ ವ್ಯವಹರಿಸಲಾರದೆ ಇರಬಹುದು; ಒಂಟಿಯಾಗಿ ಬಾಳಬಲ್ಲನೆಂದು ಅದರಿಂದ ಸಿದ್ಧವಾಗದು. ಗಜವು ಮುಗಿದ ಮೇಲೂ ಬಟ್ಟೆಯು ಉಳಿದಿರುವಂತೆ ಇದು. ಇನ್ನೊಂದು ತುದಿಯಲ್ಲಿ, ತೀವ್ರವಾದ ವೈಕಲ್ಯವುಳ್ಳ ಮಗುವೊಂದು ವರ್ಷವಿಡೀ ಶ್ರಮಪಟ್ಟು ತಲೆಯೆತ್ತಿ ತಾಯಿಯ ಮುಖವನ್ನು ನೋಡುವುದನ್ನು ಕಲಿತರೂ ಈ ಸೂಚಿಯಲ್ಲಿ ಅದಕ್ಕೆ ಒಂದು ಅಂಕವೂ ದೊರೆಯದು.

ಮತ್ತೊಂದು ಬಗೆಯ ಅಳತೆಯು ಸರಕಾರದ ಪ್ರಮಾಣಪತ್ರದಲ್ಲಿ ಕಾಣುವಂಥದು. ಭಾರತದಲ್ಲಿ 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು 21 ಬಗೆಯ ವೈಕಲ್ಯಗಳನ್ನು ಹೆಸರಿಸಿದೆ. 1995ರ ಹಿಂದಿನ ಅಧಿನಿಯಮದಲ್ಲಿ ಇವು 7 ಮಾತ್ರ ಇದ್ದವು. ಶೇಕಡಾ 40 ಮತ್ತು ಅದಕ್ಕೆ ಮೇಲ್ಪಟ್ಟ ವೈಕಲ್ಯವುಳ್ಳವರಿಗೆ ಮೀಸಲಾತಿಯೇ ಮೊದಲಾದ ಸೌಲಭ್ಯಗಳು ಸಲ್ಲುವುವು. ಹಕ್ಕನ್ನು ಹಂಚುವುದಕ್ಕೆ ಇಂಥ ಗೆರೆಯೊಂದು ಅವಶ್ಯವಾದುದೇ. ಆದರೆ ಆ ಶೇಕಡಾ ಅಂಕವು ಇಲ್ಲದುದನ್ನು ಅಳೆಯುವುದೇ ಹೊರತು ಪಡೆದುದನ್ನು ಅಳೆಯಲಾರದು. ಕಾಲಿಲ್ಲದವನು ಕೈಗಾಲಿಯ ಬಂಡಿಯಲ್ಲಿ ಸಂತೆಗೆ ಹೋಗಿ ವ್ಯಾಪಾರ ಮಾಡುವುದನ್ನು ಕಲಿತ ಮೇಲೂ ಅವನ ಪ್ರಮಾಣಪತ್ರದ ಅಂಕವು ಅಷ್ಟೇ ಇರುವುದು. ಆ ಪತ್ರವು ಹಕ್ಕಿಗೆ ಪ್ರಮಾಣವು, ಪ್ರಗತಿಗೆ ಪ್ರಮಾಣವಲ್ಲ.

ಹಾಗಾದರೆ ಪ್ರಗತಿಗೆ ಪ್ರಮಾಣವಾವುದು? ಈ ಪ್ರಶ್ನೆಗೆ 1968ರಲ್ಲಿ ಒಂದು ಉತ್ತರವು ದೊರೆಯಿತು. ಅದು ಮೊದಲು ಹೊಳೆದುದು ಔದ್ಯೋಗಿಕ ಚಿಕಿತ್ಸಕರಿಗಲ್ಲ, ಮನೋರೋಗಗಳ ಚಿಕಿತ್ಸಾಲಯದಲ್ಲಿದ್ದವರಿಗೆ. ಅಮೆರಿಕದ ಮಿನೆಸೋಟ ಸಂಸ್ಥಾನದ ಮಿನಿಯಾಪೊಲಿಸ್ ನಗರದಲ್ಲಿ ಥಾಮಸ್ ಕಿರೆಸುಕ್, ರಾಬರ್ಟ್ ಶರ್ಮನ್ ಎಂಬ ವಿದ್ವಾಂಸರು, ಒಬ್ಬೊಬ್ಬ ರೋಗಿಯ ತೊಂದರೆಯೂ ಬೇರೆ ಬೇರೆಯಾಗಿರುವಲ್ಲಿ ಎಲ್ಲರಿಗೂ ಒಂದೇ ಪ್ರಶ್ನಾವಳಿಯನ್ನು ಒಡ್ಡುವುದು ನಿರರ್ಥಕವೆಂದು ಕಂಡರು. ನಿದ್ರೆ ಬಾರದವನಿಗೆ ಕೇಳುವ ಪ್ರಶ್ನೆಯು ಮನೆಯಿಂದ ಹೊರಗೆ ಹೋಗಲು ಅಂಜುವವನಿಗೆ ಸಲ್ಲದು. ಆದಕಾರಣ ಅವರು, ಅಳತೆಯ ಗೆರೆಗಳು ಎಲ್ಲರಿಗೂ ಐದೇ ಇರಲಿ, ಆ ಗೆರೆಗಳ ಮೇಲೆ ಬರೆಯುವುದು ಮಾತ್ರ ಅವರವರ ಗುರಿಯಾಗಿರಲಿ ಎಂದು ನಿರ್ಣಯಿಸಿದರು. ಇದಕ್ಕೆ ಗೋಲ್ ಅಟೈನ್‌ಮೆಂಟ್ ಸ್ಕೇಲಿಂಗ್ ಎಂದು ಹೆಸರು. ಗುರಿಸಾಧನೆಯ ಮಾಪನವೆಂದು ಕನ್ನಡದಲ್ಲಿ ಹೇಳಬಹುದು. ಕಾಲಕ್ರಮದಲ್ಲಿ ಇದು ಪಾರ್ಶ್ವವಾಯು, ಬೆನ್ನುಹುರಿಯ ಪೆಟ್ಟು, ಮಕ್ಕಳ ಸೆರೆಬ್ರಲ್ ಪಾಲ್ಸಿ ಮುಂತಾದವುಗಳ ಚಿಕಿತ್ಸೆಗೂ ವ್ಯಾಪಿಸಿತು.

ಇದರ ಕ್ರಮವು ಹೀಗಿದೆ. ಚಿಕಿತ್ಸೆಯು ಆರಂಭವಾಗುವ ಮೊದಲೇ ರೋಗಿಯೂ ಚಿಕಿತ್ಸಕನೂ ಕುಳಿತು ಒಂದು ಗುರಿಯನ್ನು ನಿಶ್ಚಯಿಸುವರು, ಅವಧಿಯನ್ನೂ ಗೊತ್ತುಮಾಡುವರು. ಆ ಅವಧಿಯು ಮುಗಿಯುವಾಗ ನ್ಯಾಯವಾಗಿ ಎಷ್ಟನ್ನು ನಿರೀಕ್ಷಿಸಬಹುದೋ ಅದನ್ನು ಸೊನ್ನೆಯ ಗೆರೆಯ ಮೇಲೆ ಬರೆಯುವರು. ಅದಕ್ಕಿಂತ ಸ್ವಲ್ಪ ಹೆಚ್ಚಾದುದು ಧನ 1, ಬಹಳ ಹೆಚ್ಚಾದುದು ಧನ 2. ನಿರೀಕ್ಷೆಗಿಂತ ಸ್ವಲ್ಪ ಕಡಿಮೆಯಾದುದು ಋಣ 1, ಬಹಳ ಕಡಿಮೆಯಾದುದು ಋಣ 2. ಇಲ್ಲಿ ಸೊನ್ನೆಯೆಂದರೆ ಶೂನ್ಯವಲ್ಲ. ಹಿಡಿದ ಗುರಿಯು ಕೈಗೂಡಿದ ಸ್ಥಾನವು.

ಒಂದು ಉದಾಹರಣೆಯಿಂದ ಇದು ವಿಶದವಾಗುವುದು. ಬಡಗನಾಡಿನ ಒಬ್ಬ ತಾಯಿಗೆ ಪಾರ್ಶ್ವವಾಯುವಿನಿಂದ ಬಲಗೈ ಸೋತಿದೆಯೆಂದು ಕಲ್ಪಿಸಿರಿ. ಬೆರಳುಗಳು ಮಡಚುವುವು, ಬಿಚ್ಚಲು ತಡವಾಗುವುದು. ಆಕೆಯನ್ನು "ತಾಯೀ, ನಿಮಗೆ ಏನಾಗಬೇಕು?" ಎಂದು ಕೇಳಿದರೆ ಆಕೆಯು ಬೆರಳುಗಳ ಮಾತನ್ನಾಡುವುದಿಲ್ಲ. "ನನ್ನ ಕೈಯಾರೆ ರೊಟ್ಟಿ ಬಡಿಯಬೇಕು" ಎನ್ನುವಳು. ಬಾರ್ಥೆಲ್ ಸೂಚಿಯ ಹತ್ತು ಕ್ರಿಯೆಗಳಲ್ಲಿ ರೊಟ್ಟಿಯಿಲ್ಲ. ಆದರೆ ನಲವತ್ತು ವರ್ಷ ಒಲೆಯ ಮುಂದೆ ಕುಳಿತು ಮನೆಮಂದಿಗೆ ಬಿಸಿರೊಟ್ಟಿ ಬಡಿದು ಹಾಕಿದವಳಿಗೆ ತಾನು ಆ ಮನೆಗೆ ಬೇಕಾದವಳು ಎಂಬ ಭರವಸೆಯು ಅದರಲ್ಲಿಯೇ ಇದ್ದಿತು. ಈಗ ಸೊಸೆಯು ಬಡಿದ ರೊಟ್ಟಿಯನ್ನು ಉಣ್ಣುವಾಗ ಹೊಟ್ಟೆಯು ತುಂಬುವುದು, ಮನಸ್ಸು ತುಂಬದು.

ಜೋಳದ ಹಿಟ್ಟಿಗೆ ಎಸರನ್ನು ಹೊಯ್ದು, ನಾದಿ, ಮುದ್ದೆಯನ್ನು ಒಂದು ಕೈಯಿಂದ ತಿರುಗಿಸುತ್ತ ಮತ್ತೊಂದು ಕೈಯಿಂದ ಬಡಿಯುವುದಕ್ಕೆ ಎರಡು ಕೈಗಳೂ ಒಪ್ಪಿ ನಡೆಯಬೇಕು. ಚಿಕಿತ್ಸಕಿಯು ಇದನ್ನೆಲ್ಲ ನೋಡಿ ಹನ್ನೆರಡು ವಾರಗಳ ಅವಧಿಯನ್ನು ಇಡುವಳು. ಬೇರೆಯವರ ಕೈ ಸೋಂಕದೆ ಒಂದು ಸಲ ಕುಳಿತಾಗ ಎಷ್ಟು ರೊಟ್ಟಿಗಳನ್ನು ಬಡಿಯುವಳು ಎಂಬುದೇ ಅಳತೆ. ಈಗ ಒಂದೂ ಆಗುವುದಿಲ್ಲ. ಅದು ಋಣ 2. ಒಂದು ರೊಟ್ಟಿಯಾದರೆ ಋಣ 1. ಎರಡು ಅಥವಾ ಮೂರಾದರೆ ಸೊನ್ನೆ. ಅಂದರೆ ನಿರೀಕ್ಷಿಸಿದಷ್ಟು ಆಯಿತು. ನಾಲ್ಕು ಅಥವಾ ಐದಾದರೆ ಧನ 1. ಆರು ಮತ್ತು ಅದಕ್ಕೆ ಮೇಲಾದರೆ ಧನ 2. ಇದರಲ್ಲಿ ಮೂರು ಲಕ್ಷಣಗಳನ್ನು ಗಮನಿಸತಕ್ಕದ್ದು. ಒಂದನೆಯದು, ಗೆರೆ ಗೆರೆಗೆ ಬದಲಾಗುವುದು ಒಂದೇ ಸಂಗತಿ. ಸಂಖ್ಯೆಯೂ ದಪ್ಪವೂ ಸಹಾಯವೂ ಒಮ್ಮೆಗೇ ಬದಲಾದರೆ ಯಾವ ಗೆರೆಯಲ್ಲಿ ನಿಲ್ಲಿಸಬೇಕೆಂಬುದೇ ತಿಳಿಯದು. ಎರಡನೆಯದು, ಗೆರೆಗಳ ನಡುವೆ ತೆರಪೂ ಇಲ್ಲ, ಒಂದರ ಮೇಲೊಂದು ಬೀಳುವುದೂ ಇಲ್ಲ. ಮೂರನೆಯದು, 'ಚೆನ್ನಾಗಿ', 'ಸುಮಾರಾಗಿ' ಎಂಬ ಮಾತುಗಳಿಗೆ ಇಲ್ಲಿ ಎಡೆಯಿಲ್ಲ. ಯಾರು ಬಂದು ಎಣಿಸಿದರೂ ರೊಟ್ಟಿಯ ಲೆಕ್ಕವು ಒಂದೇ.

ಇಲ್ಲಿ ಈಗಿನ ಸ್ಥಿತಿಯನ್ನು ಋಣ 2 ಎಂದು ಇಟ್ಟುದು, ಅದಕ್ಕಿಂತ ಕೆಳಗೆ ಇಳಿಯಲು ಆಸ್ಪದವಿಲ್ಲದ ಕಾರಣ. ಇನ್ನೂ ಕುಂದುವ ಸಂಭವವುಳ್ಳ ರೋಗಗಳಲ್ಲಿ ಈಗಿನ ಸ್ಥಿತಿಯನ್ನು ಋಣ 1ರ ಗೆರೆಯಲ್ಲಿಟ್ಟು, ಕೆಳಗಿನ ಗೆರೆಯನ್ನು ಕುಂದುವಿಕೆಗಾಗಿ ತೆರವಿಡುವರು. ಕೆಲವು ರೋಗಗಳಲ್ಲಿ ಇದ್ದುದನ್ನು ಉಳಿಸಿಕೊಳ್ಳುವುದೇ ಗುರಿಯಾಗಿರುವುದೂ ಉಂಟು. ಅಲ್ಲಿ ಕೆಳಗಿಳಿಯದೆ ನಿಂತುದೇ ಗೆಲುವು.

ಒಬ್ಬರಿಗೆ ಒಂದೇ ಗುರಿಯಿರಬೇಕೆಂಬ ನಿಯಮವಿಲ್ಲ. ಅದೇ ತಾಯಿಯು ತಾನೇ ಸೀರೆಯ ನಿರಿಗೆ ಹಿಡಿದು ಉಡುವುದನ್ನು ಎರಡನೆಯ ಗುರಿಯನ್ನಾಗಿಯೂ, ಓಣಿಯ ಕೊನೆಯಲ್ಲಿರುವ ತಂಗಿಯ ಮನೆಗೆ ನಡೆದುಹೋಗುವುದನ್ನು ಮೂರನೆಯ ಗುರಿಯನ್ನಾಗಿಯೂ ಇಟ್ಟುಕೊಳ್ಳಬಹುದು. ಇವೆಲ್ಲವನ್ನೂ ಕೂಡಿಸಿ ಒಂದು ಅಂಕವನ್ನು ತೆಗೆಯುವ ಸೂತ್ರವನ್ನೂ ಕಿರೆಸುಕ್ ಮತ್ತು ಶರ್ಮನ್ ಕೊಟ್ಟಿದ್ದಾರೆ. ಅದಕ್ಕೆ ಟಿ ಅಂಕವೆಂದು ಹೆಸರು. ಎಲ್ಲ ಗುರಿಗಳೂ ನಿರೀಕ್ಷಿಸಿದಷ್ಟೇ ಕೈಗೂಡಿದರೆ ಆ ಅಂಕವು 50 ಆಗುವಂತೆ ಸೂತ್ರವನ್ನು ಹೊಂದಿಸಿದ್ದಾರೆ. ಮೂರು ಗುರಿಗಳಿಗೂ ಸಮಾನವಾದ ತೂಕವನ್ನು ಕೊಟ್ಟು, ಆರಂಭದಲ್ಲಿ ಮೂರೂ ಋಣ 2 ಇದ್ದವೆಂದು ಲೆಕ್ಕ ಹಾಕಿದರೆ ಟಿ ಅಂಕವು ಸುಮಾರು 22.6 ಬರುವುದು. ಹನ್ನೆರಡು ವಾರಗಳ ಮೇಲೆ ರೊಟ್ಟಿಯಲ್ಲಿ ಸೊನ್ನೆ, ಸೀರೆಯಲ್ಲಿ ಧನ 1, ನಡಿಗೆಯಲ್ಲಿ ಋಣ 1 ಆದರೆ, ಹೆಚ್ಚು ಕಡಿಮೆಗಳು ಒಂದನ್ನೊಂದು ಕಳೆದು ಅಂಕವು 50ಕ್ಕೆ ನಿಲ್ಲುವುದು. 22.6ರಿಂದ 50ಕ್ಕೆ ಏರಿದುದು ಸಂತೋಷದ ಸಂಗತಿಯೇ. ಆದರೆ ಆ 50 ಎಂಬ ಅಂಕದೊಳಗೆ ನಡಿಗೆಯು ಹಿಂದುಳಿದ ಸಂಗತಿಯು ಮರೆಯಾಗಿರುವುದು. ಆದುದರಿಂದ ಒಟ್ಟಂಕವನ್ನು ಕಂಡು ತೃಪ್ತರಾಗದೆ ಒಂದೊಂದು ಗುರಿಯ ಗೆರೆಯನ್ನೂ ಬೇರೆಯಾಗಿ ನೋಡತಕ್ಕದ್ದು.

ಈ ಮಾಪನದಲ್ಲಿ ಕಣ್ಣಿಗೆ ಕಾಣುವ ಕ್ರಿಯೆಯು ಅಳೆಯಲ್ಪಡುವುದು. ಆದರೆ ಮಾಡಿದವನ ಮನಸ್ಸಿಗೆ ಅದು ಸಾಕೆನಿಸಿತೇ ಎಂಬುದು ಉಳಿಯಿತು. ಇದನ್ನೂ ಕೇಳಬೇಕೆಂದು ಕೆನಡಾ ದೇಶದ ಔದ್ಯೋಗಿಕ ಚಿಕಿತ್ಸಕಿಯರಾದ ಮೇರಿ ಲಾ ಮತ್ತು ಅವರ ಸಹಕಾರಿಗಳು ಮತ್ತೊಂದು ಮಾನವನ್ನು ರಚಿಸಿ 1991ರಲ್ಲಿ ಪ್ರಕಟಿಸಿದರು. ಅದರ ಹೆಸರು ಕೆನೇಡಿಯನ್ ಆಕ್ಯುಪೇಷನಲ್ ಪರ್ಫಾರ್ಮೆನ್ಸ್ ಮೆಷರ್. ಇದು ಪ್ರಶ್ನೋತ್ತರ ರೂಪದ ಸಂಭಾಷಣೆ. ತನ್ನ ಮೈಯನ್ನು ತಾನು ನೋಡಿಕೊಳ್ಳುವುದು, ದುಡಿಮೆ, ವಿರಾಮ ಎಂಬ ಮೂರು ಕ್ಷೇತ್ರಗಳಲ್ಲಿ ಯಾವ ಯಾವ ಕ್ರಿಯೆಗಳು ತೊಡಕಾಗಿವೆಯೆಂದು ರೋಗಿಯೇ ಹೇಳುವನು. ಒಂದೊಂದೂ ತನಗೆ ಎಷ್ಟು ಮುಖ್ಯವೆಂದು 1ರಿಂದ 10ರ ವರೆಗೆ ಅಂಕವಿಡುವನು. ಹೆಚ್ಚೆಂದರೆ ಐದು ತೊಡಕುಗಳನ್ನು ಆರಿಸಿಕೊಂಡು, ಅವನ್ನು ಈಗ ಎಷ್ಟು ಚೆನ್ನಾಗಿ ಮಾಡುವೆನೆಂದು ಒಂದು ಅಂಕವನ್ನೂ, ಹಾಗೆ ಮಾಡುವುದರಲ್ಲಿ ತನಗೆಷ್ಟು ತೃಪ್ತಿಯಿದೆಯೆಂದು ಇನ್ನೊಂದು ಅಂಕವನ್ನೂ ತಾನೇ ಕೊಡುವನು. ಚಿಕಿತ್ಸೆಯ ಮೇಲೆ ಮತ್ತೊಮ್ಮೆ ಕೇಳುವರು. 2 ಅಂಕಗಳು ಅಥವಾ ಅದಕ್ಕೆ ಮೇಲ್ಪಟ್ಟು ಏರಿದರೆ ಅದು ಗಣನೀಯವಾದ ಬದಲಾವಣೆಯೆಂದು ಪರಿಗಣಿಸುವುದು ರೂಢಿ.

ಕ್ರಿಯೆ ಮತ್ತು ತೃಪ್ತಿಗಳನ್ನು ಬೇರ್ಪಡಿಸಿದುದರಲ್ಲಿ ಸೂಕ್ಷ್ಮವಾದ ವಿವೇಕವಿದೆ. ರೊಟ್ಟಿ ಬಡಿಯುವ ತಾಯಿಯು ಎರಡೇ ರೊಟ್ಟಿಗಳನ್ನು ಬಡಿದು, ಅವುಗಳ ಅಂಚು ಒಡೆದಿದ್ದರೂ, ಮೊಮ್ಮಗನು ಅದನ್ನು ಕೇಳಿ ಉಂಡನೆಂದು ತೃಪ್ತಿಗೆ 8 ಅಂಕಗಳನ್ನು ಕೊಡಬಹುದು. ಆರು ರೊಟ್ಟಿಗಳನ್ನು ಬಡಿದರೂ ಮೊದಲಿನ ಹದವಿಲ್ಲವೆಂದು ಮರುಗಿ 3 ಅಂಕಗಳನ್ನೇ ಕೊಡಬಹುದು. ಎರಡನೆಯ ಸಂದರ್ಭದಲ್ಲಿ ಕೈಗೆ ಬೇಕಾದ ಅಭ್ಯಾಸಕ್ಕಿಂತ ಮನಸ್ಸಿಗೆ ಬೇಕಾದ ಸಮಾಧಾನವೇ ಹೆಚ್ಚಿನದೆಂದು ಚಿಕಿತ್ಸಕಿಗೆ ತಿಳಿಯುವುದು.

ಇಲ್ಲಿಗೆ ಸಿದ್ಧಾಂತವು ಸ್ಪಷ್ಟವಾಯಿತು. ಹಳೆಯ ಅಳತೆಗಳಲ್ಲಿ ವಿಕಲಚೇತನನು ಪ್ರಮೇಯ ಮಾತ್ರ. ಬೇರೆಯವರು ಅಳೆಯುವರು, ಅವನು ಅಳೆಯಲ್ಪಡುವನು. ಈ ಎರಡು ಅಳತೆಗಳಲ್ಲಿ ಅವನು ಪ್ರಮಾತೃವೂ ಆಗುವನು. ಗಜವನ್ನು ಕೊಯ್ಯುವಾಗಲೇ ಅವನ ಕೈಯೂ ಅದರಲ್ಲಿ ಸೇರುವುದು.

ಇದರ ಮೇಲೆ ಏಳಬಹುದಾದ ಶಂಕೆಗಳನ್ನು ಈಗ ವಿಚಾರಿಸತಕ್ಕದ್ದು.

ಮೊದಲನೆಯ ಶಂಕೆ: ಅವರವರ ಗುರಿಯನ್ನು ಅವರವರೇ ಇಟ್ಟುಕೊಂಡರೆ ಎಲ್ಲರೂ ಸುಲಭವಾದ ಗುರಿಯನ್ನಿಟ್ಟು ಗೆದ್ದೆವೆನ್ನರೇ? ಸಮಾಧಾನ: ಈ ಅಪಾಯವು ನಿಜವಾದುದು, ಅದು ರೋಗಿಗಿಂತ ಹೆಚ್ಚಾಗಿ ಚಿಕಿತ್ಸಕನ ಕಡೆಯಿಂದ ಬರತಕ್ಕದ್ದು. ತನ್ನ ಕೀರ್ತಿಗಾಗಿ ಗುರಿಯನ್ನು ತಗ್ಗಿಸುವ ಆಸೆಯು ಯಾರಿಗೂ ಹುಟ್ಟಬಹುದು. ಆದಕಾರಣವೇ ಗೆರೆಗಳನ್ನು ಚಿಕಿತ್ಸೆಗೆ ಮೊದಲೇ ಬರೆದಿಡಬೇಕೆಂಬ ನಿಯಮವಿದೆ. ಬಾಣವು ತಗುಲಿದ ಮೇಲೆ ಅದರ ಸುತ್ತ ವೃತ್ತವನ್ನು ಬರೆಯುವಂತಿಲ್ಲ. ಆದಕಾರಣವೇ, ಸಾಧ್ಯವಿದ್ದಲ್ಲಿ, ಕೊನೆಗೆ ಅಂಕವನ್ನಿಡುವವರು ಚಿಕಿತ್ಸೆ ಮಾಡಿದವರಿಗಿಂತ ಬೇರೆಯವರಾಗಿರುವುದು ಒಳ್ಳಿತು. ಒಂದು ಚಿಕಿತ್ಸಾಲಯದ ಅನೇಕ ರೋಗಿಗಳ ಟಿ ಅಂಕಗಳನ್ನು ಕೂಡಿಸಿ ನೋಡಿದಾಗ ಅವುಗಳ ಸರಾಸರಿಯು 50ರ ಆಸುಪಾಸಿನಲ್ಲಿರಬೇಕು. ಯಾವಾಗಲೂ ಅದಕ್ಕಿಂತ ಬಹಳ ಮೇಲಿದ್ದರೆ ಅಲ್ಲಿಯ ಗುರಿಗಳು ಅಂಜುಬುರುಕವಾದವುಗಳೆಂದೂ, ಯಾವಾಗಲೂ ಬಹಳ ಕೆಳಗಿದ್ದರೆ ಕೈಗೆಟುಕದವುಗಳೆಂದೂ ತಿಳಿಯಬಹುದು. ಹೀಗೆ ಈ ಅಳತೆಯು ಅಳೆಯುವವರನ್ನೂ ಅಳೆಯುವುದು.

ಎರಡನೆಯ ಶಂಕೆ: ಒಬ್ಬರಿಗೆ ರೊಟ್ಟಿ, ಮತ್ತೊಬ್ಬರಿಗೆ ಅಂಗಿಯ ಗುಂಡಿ, ಇವುಗಳನ್ನು ಒಂದೇ ಅಂಕದಿಂದ ಹೇಳುವುದು ಹೇಗೆ? ಸಮಾಧಾನ: ಇಬ್ಬರಿಗೂ 50 ಬಂದಿತೆಂದರೆ ಇಬ್ಬರ ಶಕ್ತಿಯೂ ಸಮಾನವೆಂದು ಅರ್ಥವಲ್ಲ, ಇಬ್ಬರೂ ತಂತಮ್ಮ ನಿರೀಕ್ಷೆಯನ್ನು ಮುಟ್ಟಿದರೆಂದಷ್ಟೇ ಅರ್ಥ. ಅಲ್ಲದೆ, ಋಣ 2ರಿಂದ ಋಣ 1ಕ್ಕೆ ಏರುವ ಮೆಟ್ಟಿಲೂ, ಸೊನ್ನೆಯಿಂದ ಧನ 1ಕ್ಕೆ ಏರುವ ಮೆಟ್ಟಿಲೂ ಒಂದೇ ಎತ್ತರದವೆಂದು ಯಾರೂ ಆಣೆಯಿಟ್ಟು ಹೇಳಲಾರರು. ಇಂಥ ಕ್ರಮಸೂಚಕ ಅಂಕಗಳನ್ನು ಕೂಡುವುದು, ಗುಣಿಸುವುದು ಯುಕ್ತವೇ ಎಂದು ಗಣಿತಜ್ಞರು ಆಕ್ಷೇಪಿಸಿದ್ದಾರೆ. ಆ ಆಕ್ಷೇಪದಲ್ಲಿ ತಥ್ಯವಿದೆ. ಆದುದರಿಂದ ಸಾಮಾನ್ಯವಾದ ಬಾರ್ಥೆಲ್ ಮೊದಲಾದ ಮಾನಗಳನ್ನು ತೊರೆಯಬೇಕೆಂದು ಪ್ರಾಜ್ಞರು ಹೇಳುವುದಿಲ್ಲ. ಎರಡನ್ನೂ ಜತೆಯಲ್ಲಿಟ್ಟು ನೋಡಬೇಕು. ಒಂದು ಇತರರೊಡನೆ ಹೋಲಿಸುವುದಕ್ಕೆ, ಮತ್ತೊಂದು ಅವನ ನಿನ್ನೆಯೊಡನೆ ಅವನ ಇಂದನ್ನು ಹೋಲಿಸುವುದಕ್ಕೆ.

ಮೂರನೆಯ ಶಂಕೆ: ಮಾತು ಬಾರದ ಮಗುವೂ, ಬುದ್ಧಿಶಕ್ತಿಯು ಕುಂದಿದವರೂ ಗುರಿಯನ್ನು ಹೇಗೆ ಹೇಳಿಯಾರು? ಸಮಾಧಾನ: ಚಿತ್ರಗಳನ್ನು ತೋರಿಸಿ ಆರಿಸಿಕೊಳ್ಳುವಂತೆ ಮಾಡುವರು, ಯಾವ ಕೆಲಸದಲ್ಲಿ ಕೈ ತಾನಾಗಿ ಮುಂದೆ ಬರುವುದು, ಯಾವುದರಲ್ಲಿ ಮುಖ ತಿರುಗುವುದು ಎಂಬುದನ್ನು ನೋಡುವರು, ತಂದೆತಾಯಿಗಳನ್ನೂ ಪೋಷಕರನ್ನೂ ಕೇಳುವರು. ಆದರೆ ಇಲ್ಲಿ ಒಂದು ಎಚ್ಚರಿಕೆಯು ಅವಶ್ಯ. ಮನೆಯವರ ಗುರಿಯು ಅನೇಕ ವೇಳೆ ಮನೆಯವರ ಅನುಕೂಲವೇ ಆಗಿರುವುದುಂಟು. ಮಗುವು ಸುಮ್ಮನೆ ಕುಳಿತಿರಬೇಕೆಂಬುದು ಮನೆಯವರ ಗುರಿ; ಓಣಿಯ ಮಕ್ಕಳೊಡನೆ ಮಣ್ಣಿನಲ್ಲಿ ಆಡಬೇಕೆಂಬುದು ಮಗುವಿನ ಗುರಿ. ಹಿರಿಯರು ಬೀಳದೆ ಮಂಚದ ಮೇಲಿದ್ದರೆ ಸಾಕೆಂಬುದು ಮಕ್ಕಳ ಗುರಿ. ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟುಕೊಂಡು ತಾವೇ ಕುಳಿತು ಪೂಜಿಸಬೇಕೆಂಬುದು ಎಡಗೈ ಸೋತ ಆ ಹಿರಿಯರ ಗುರಿ. ಎರಡೂ ಪ್ರೀತಿಯಿಂದಲೇ ಹುಟ್ಟಿದವುಗಳಾಗಿರಬಹುದು. ಆದರೂ ಗೆರೆಗಳ ಮೇಲೆ ಬರೆಯತಕ್ಕದ್ದು ಬಾಳುವವನ ಗುರಿಯನ್ನೇ ಹೊರತು ನೋಡಿಕೊಳ್ಳುವವರ ಗುರಿಯನ್ನಲ್ಲ.

ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಬಲ್ಲವರಿಗೆ ಈ ಮಾತಿನ ತಿರುಳು ಬೇರೆ ಹೇಳಬೇಕಾಗಿಲ್ಲ. ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳೂ (1892–1944), ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ (1914–2010) ಅಲ್ಲಿ ಕಣ್ಣಿಲ್ಲದ ಮಕ್ಕಳನ್ನು ಸಾಕಿ ಸಂಗೀತವನ್ನು ಕಲಿಸಿದರು. ಅದು ಆಸ್ಪತ್ರೆಯಲ್ಲ; ಅಲ್ಲಿ ನಡೆದುದು ಔದ್ಯೋಗಿಕ ಚಿಕಿತ್ಸೆಯೂ ಅಲ್ಲ. ಆದರೆ ಅಲ್ಲಿ ಹುಡುಗನನ್ನು ಅವನ ಕಣ್ಣಿನಿಂದ ಅಳೆಯಲಿಲ್ಲ, ಅವನ ಸ್ವರದಿಂದಲೂ ತಾಳದಿಂದಲೂ ಅಳೆದರು. ಪಾಠಶಾಲೆಗಳ ಗುರುಗಳೂ ಇದನ್ನು ಬಲ್ಲರು. ಒಂದೇ ಸಾಲಿನಲ್ಲಿ ಕುಳಿತ ಶಿಷ್ಯರಲ್ಲಿ ಒಬ್ಬನಿಗೆ ಅಮರಕೋಶದ ಒಂದು ವರ್ಗವು ಒಂದು ದಿನದ ಪಾಠ, ಮತ್ತೊಬ್ಬನಿಗೆ ಅದೇ ಒಂದು ತಿಂಗಳ ಪಾಠ. ಇಬ್ಬರ ನಾಳೆಯ ಪಾಠವನ್ನೂ ಅವರ ಇಂದಿನ ಪಾಠವನ್ನು ನೋಡಿಯೇ ಗುರುವು ಗೊತ್ತುಮಾಡುವನು.

ಆದಕಾರಣ ಮನೆಯಲ್ಲಿ ವಿಕಲಚೇತನರಿರುವ ಗೃಹಸ್ಥರು ಚಿಕಿತ್ಸಾಲಯಕ್ಕೆ ಹೋದಾಗ "ಯಾವಾಗ ಗುಣವಾಗುವುದು?" ಎಂಬ ಒಂದೇ ಪ್ರಶ್ನೆಯನ್ನು ಕೇಳಿ ಹಿಂದಿರುಗಬಾರದು. "ಮೂರು ತಿಂಗಳಲ್ಲಿ ಇವರು ಯಾವುದನ್ನು ತಾವೇ ಮಾಡಬಲ್ಲರು? ಅದನ್ನು ಬರೆದುಕೊಡಿರಿ" ಎಂದು ಕೇಳತಕ್ಕದ್ದು. ಅದಕ್ಕಿಂತ ಮೊದಲು, ಮಂಚದ ಬಳಿ ಕುಳಿತು, ಸಾವಧಾನವಾಗಿ, "ನಿಮಗೆ ಏನು ಮಾಡಬೇಕೆಂದಿದೆ?" ಎಂದು ಆ ವ್ಯಕ್ತಿಯನ್ನೇ ಕೇಳತಕ್ಕದ್ದು. ಉತ್ತರವು ಸಣ್ಣದಾಗಿರಬಹುದು, ಒಂದು ಲೋಟ ನೀರನ್ನು ಚೆಲ್ಲದೆ ಕುಡಿಯಬೇಕೆಂದೋ, ಅಂಗಳದ ತನಕ ಹೋಗಿ ಕೂರಬೇಕೆಂದೋ ಇರಬಹುದು. ಅದನ್ನು ಸಣ್ಣದೆಂದು ಎಣಿಸಬಾರದು. ಮನೆಯ ಗೋಡೆಗೆ ಒಂದು ಹಾಳೆಯನ್ನು ಅಂಟಿಸಿ, ಇಂದಿನ ದಿನಾಂಕವನ್ನೂ ಇಂದಿನ ಸ್ಥಿತಿಯನ್ನೂ ಮುಟ್ಟಬೇಕಾದ ಗುರಿಯನ್ನೂ ಬರೆದಿಟ್ಟರೆ, ಮೂರು ತಿಂಗಳ ಮೇಲೆ "ಇದ್ದಂತೆಯೇ ಇದ್ದಾರೆ" ಎಂಬ ಮಾತು ಸುಲಭವಾಗಿ ನಾಲಗೆಗೆ ಬಾರದು. ಬಂದರೂ, ಹಾಳೆಯು ಅದನ್ನು ತಿದ್ದುವುದು. ನಿಜವಾಗಿಯೂ ಇದ್ದಂತೆಯೇ ಇದ್ದರೆ ಅದನ್ನೂ ಆ ಹಾಳೆಯು ಮುಚ್ಚಿಡದೆ ಹೇಳುವುದು. ಆಗ ದಾರಿಯನ್ನು ಬದಲಿಸಬೇಕು, ಇಲ್ಲವೆ ಗುರಿಯನ್ನು ಮತ್ತೊಮ್ಮೆ ಕುಳಿತು ವಿಚಾರಿಸಬೇಕು. ಮನುಷ್ಯನನ್ನು ಕೈಬಿಡುವುದಕ್ಕೆ ಮಾತ್ರ ಅದು ಕಾರಣವಾಗಲಾರದು.

ಇಂಥ ಹಾಳೆಗಳು ಮನೆಮನೆಯಲ್ಲಿಯೂ ಬರೆಯಲ್ಪಡಲಿ. ಅವುಗಳ ಮೇಲಣ ಮಾತು ಆಯಾ ವ್ಯಕ್ತಿಗಳದೇ ಆಗಿರಲಿ. ಸರ್ವರಿಗೂ ಮಂಗಳವಾಗಲಿ.